ಎಡಗಾಲಿನ ಪೆನ್ಷನ್

"1,80,000 ರೂಪಾಯಿ" ಎಂದ ಉತ್ತಯ್ಯ. ತನ್ನ ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ರಿಪೇರಿಗೆ ಮೈಸೂರಿನ ಗ್ಯಾರೇಜಿನವನು ಬರೆದುಕೊಟ್ಟ ಚೀಟಿಯನ್ನು ಟೇಬಲ್ ಮೇಲಿಟ್ಟು ಅದರ ಮೇಲೆ ಟೀ ಗ್ಲಾಸ್ ಇಟ್ಟ. ಗೋಣಿಕೊಪ್ಪದ ಗಾಳಿಗಾದರೂ ಹಾರಿಹೋಗಲಿ ಅಂತ ಬಿಡಬಹುದಿತ್ತು, ಬಿಡಲಿಲ್ಲ.

"ಅದು ರಿಪೇರಿ ಖರ್ಚಲ್ಲ ಉತ್ತಯ್ಯ, ಎಡಗಾಲಿನ ಪೆನ್ಷನ್" ಎಂದರು ಚಿಣ್ಣಪ್ಪಣ್ಣ. "ಎಂಟು ವರ್ಷ ನೀನು ಆ ಕಾಲಿಗೆ ಕ್ಲಚ್ ಒತ್ತೋದು ಬೇಡ, ಆರಾಮಾಗಿರು ಅಂದೆ. ಕೆಲಸ ಬಿಡಿಸಿದ ಮೇಲೆ ಪೆನ್ಷನ್ ಕೊಡಬೇಕಲ್ವಾ? ಈಗ ಅರಿಯರ್ಸ್ ಸೇರಿಸಿ ಒಟ್ಟಿಗೆ ಕೇಳ್ತಾ ಇದೆ."

"ಸುಮ್ನಿರಿ ಅಣ್ಣ, ಅವನಿಗೆ ಮೊದಲೇ ತಲೆಬಿಸಿ" ಎಂದರು ಶೆಟ್ಟರು. "ಮೊಯ್ದು, ನೀನು ಹೇಳು. ಗೇರ್‌ಬಾಕ್ಸ್ ನಿಜವಾಗಿ ಹೋಗಿದೆಯಾ?"

ಮೊಯ್ದು ಟೀ ಮುಗಿಸಿಯೇ ಬಾಯಿ ಬಿಟ್ಟ. "ಎಣ್ಣೆ ಕೆಂಪಗಿರಬೇಕಿತ್ತು, ಕಪ್ಪಾಗಿದೆ. ಸುಟ್ಟ ವಾಸನೆ. ಕೆಳಗಿನ ಪ್ಯಾನ್ ಬಿಚ್ಚಿ ನೋಡಿದೆ, ಪುಡಿ ಕೂತಿದೆ. ಬರೀ ಸೋಲೆನಾಯ್ಡ್, ಅಂದರೆ ಎಣ್ಣೆಯ ದಾರಿ ತೆರೆದು ಮುಚ್ಚೋ ಕರೆಂಟಿನ ವಾಲ್ವ್, ಹೋಗಿದ್ದರೆ ಅಷ್ಟನ್ನೇ ಬದಲಿಸಬಹುದಿತ್ತು, ಪೂರ್ತಿ ಬಿಚ್ಚೋ ಅಗತ್ಯವೇ ಇರಲಿಲ್ಲ. ಪುಡಿ ಬಂದಿದೆ ಅಂದರೆ ಒಳಗಿನ ಕ್ಲಚ್ ಪ್ಲೇಟುಗಳು ಸವೆದಿವೆ."

"ಶೋರೂಮಿನವರು ಆ ಎಣ್ಣೆ ಜೀವನಪೂರ್ತಿ ಬರುತ್ತೆ, ಬದಲಿಸೋದೇ ಬೇಡ ಅಂದಿದ್ದರು" ಎಂದ ಉತ್ತಯ್ಯ ದೀನನಾಗಿ.

"ಸುಳ್ಳೇನು ಹೇಳಿಲ್ಲವಲ್ಲ. ಗೇರ್‌ಬಾಕ್ಸಿನ ಜೀವನಪೂರ್ತಿ ಬಂತು" ಎಂದರು ಚಿಣ್ಣಪ್ಪಣ್ಣ.

ಫೋನ್‌ನಿಂದ ತಲೆ ಎತ್ತಿದ ಪ್ರವೀಣ. "ಅಂಕಲ್, ಆಟೋಮ್ಯಾಟಿಕ್ ಅಂದರೆ ಒಂದೇ ಥರ ಅಲ್ಲ. 2014ರಲ್ಲಿ ಮಾರುತಿ ಸೆಲೆರಿಯೊದಲ್ಲಿ ಎಎಂಟಿ ಅಂತ ಬಂತಲ್ಲ, ಅದರಲ್ಲಿ ಮಾಮೂಲಿ ಗೇರ್‌ಬಾಕ್ಸೇ ಇರೋದು. ಕ್ಲಚ್ಚೂ ಇದೆ. ಒತ್ತೋದು ಮಾತ್ರ ಯಂತ್ರ."

"ಅಂದರೆ ಎಡಗಾಲಿನ ಕೆಲಸ ಹೊರಗುತ್ತಿಗೆಗೆ ಕೊಟ್ಟಿದ್ದಾರೆ" ಎಂದರು ಚಿಣ್ಣಪ್ಪಣ್ಣ.

"ಸಿವಿಟಿ ಅಂತ ಇನ್ನೊಂದು ಥರ, ಅದರಲ್ಲಿ ಹಲ್ಲಿನ ಗೇರುಗಳ ಬದಲು ಎರಡು ಪುಲ್ಲಿ, ನಡುವೆ ಉಕ್ಕಿನ ಬೆಲ್ಟ್."

"ಅದು ಹುದ್ದೆಯನ್ನೇ ರದ್ದು ಮಾಡಿದ್ದು."

"ಡ್ಯುಯಲ್ ಕ್ಲಚ್‌ನಲ್ಲಿ ಎರಡು ಕ್ಲಚ್."

"ಇದ್ದ ಒಬ್ಬನನ್ನು ಮನೆಗೆ ಕಳಿಸಿ ಇಬ್ಬರನ್ನು ಸೇರಿಸಿಕೊಂಡರು. ಇಂಥದ್ದು ಸರ್ಕಾರಿ ಆಫೀಸಲ್ಲಿ ಮಾತ್ರ ನಡೆಯುತ್ತೆ ಅಂದುಕೊಂಡಿದ್ದೆ."

"ಉತ್ತಯ್ಯ ಅಂಕಲ್‌ದು ಟಾರ್ಕ್ ಕನ್ವರ್ಟರ್. ಇಂಜಿನ್‌ಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆಯ ಸುಳಿಯೇ ಶಕ್ತಿ ದಾಟಿಸೋದು. ಆಟೋಮ್ಯಾಟಿಕ್ ಅನ್ನೋದೇ ಹೊಸದೇನಲ್ಲ, ಅಮೆರಿಕದಲ್ಲಿ 1940ರ ಓಲ್ಡ್ಸ್‌ಮೊಬೈಲ್ ಕಾರಿನಲ್ಲೇ ಕೊಟ್ಟಿದ್ದರು."

"ಕೊಡಲಿ. ಅವರು ಸಂಪಾಜೆ ಘಾಟಿ ಇಳಿದಿದ್ದಾರಾ?" ಚಿಣ್ಣಪ್ಪಣ್ಣನಿಗೆ ಈಗ ಹುರುಪು ಬಂತು. "ಶನಿವಾರ ಬಂದರೆ ಸಾಕು, ಬೆಂಗಳೂರಿನ ಆಟೋಮ್ಯಾಟಿಕ್‌ಗಳು ಸಾಲಾಗಿ ಬರುತ್ತವೆ. ಗೇರ್ ಡಿಯಲ್ಲಿ, ಅಂದರೆ ಡ್ರೈವ್‌ನಲ್ಲಿ ಹಾಕಿ, ಬ್ರೇಕ್ ಮೇಲೆ ನಿಂತು, ಜೋಡುಪಾಲ ತಲುಪುವ ಹೊತ್ತಿಗೆ ಹೊಗೆ ವಾಸನೆ ಬರಿಸಿಕೊಂಡು, ಪಕ್ಕಕ್ಕೆ ನಿಲ್ಲಿಸಿ, ಆ ಹೊಗೆ ಮುಂದೇನೇ ಸೆಲ್ಫಿ ತೆಗೀತಾರೆ. ಇಳಿಯೋಕೆ ಅಂತ ಎಲ್, ಅಂದರೆ ಲೋ ಗೇರ್, ಕೊಟ್ಟಿರುತ್ತಾರೆ. ಇವರು ಅದನ್ನು ಎಲ್ ಬೋರ್ಡ್ ಅಂದುಕೊಂಡು ಮುಟ್ಟೋದೇ ಇಲ್ಲ! ಈಗ ಎಲ್ಲರಿಗೂ ಎಲ್ಲವೂ ಆಟೋಮ್ಯಾಟಿಕ್ಕೇ ಬೇಕು. ವಾಷಿಂಗ್ ಮಷೀನ್, ಗೇಟು, ನೀರಿನ ಪಂಪು. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಗೊತ್ತಾಗುತ್ತೆ. ಲೈನ್‌ಮನ್ ಮಾತ್ರ ಇನ್ನೂ ಮ್ಯಾನ್ಯುಯಲ್."

"ನಮ್ಮದು ಮೊದಲು ಚೆನ್ನಾಗೇ ಇತ್ತು ಅಣ್ಣ" ಎಂದ ಉತ್ತಯ್ಯ. "ಈಗ ರಿವರ್ಸ್ ಹಾಕಿದರೆ ಮೂರು ನಾಲ್ಕು ಸೆಕೆಂಡ್ ಏನೂ ಆಗಲ್ಲ. ಆಮೇಲೆ ಧಡ್ ಅಂತ ಹಿಂದೆ ಹಾರುತ್ತೆ."

"ತಿತಿಮತಿ ಹತ್ತಿರ ಆನೆ ಎದುರಿಗೆ ಬಂದಾಗ ಹಾಗೆ ಮಾಡಿದರೆ? ಆನೆಗೆ ಆ ಸಮಸ್ಯೆ ಇಲ್ಲ ನೋಡು. ಅದು ಯೋಚನೆ ಮಾಡದೇ ಬರುತ್ತೆ."

ಶೆಟ್ಟರು ಅಷ್ಟರಲ್ಲಿ ಚೀಟಿಯ ಹಿಂದೆ ಲೆಕ್ಕ ಹಾಕಿ ಮುಗಿಸಿದ್ದರು. ಕಾಳುಮೆಣಸಿನ ವ್ಯಾಪಾರ ಮಾಡಿದ ಕೈ, ಎಲ್ಲಿ ಕಾಗದ ಸಿಕ್ಕಿದರೂ ಗುಣಿಸುತ್ತದೆ. "ಹೀಗೇ ಮಾರಿದರೆ ಒಂದೂವರೆ ಲಕ್ಷ. ಸರಿ ಮಾಡಿಸಿ ಮಾರಿದರೆ ನಾಲ್ಕು. ಖರ್ಚು ಕಳೆದರೂ ಹೀಗೇ ಮಾರಿದ್ದಕ್ಕಿಂತ ಎಪ್ಪತ್ತು ಸಾವಿರ ಹೆಚ್ಚು ಉಳಿಯುತ್ತೆ. ಇಲ್ಲದಿದ್ದರೆ ಸೆಕೆಂಡ್ ಹ್ಯಾಂಡ್ ಗೇರ್‌ಬಾಕ್ಸ್ ಹಾಕಿಸು, ಅರ್ಧ ದುಡ್ಡಿಗೆ ಸಿಗುತ್ತೆ."

"ಯಾವುದೋ ಗುಜರಿ ಕಾರಿನದು ಶೆಟ್ರೇ" ಎಂದ ಮೊಯ್ದು. "ಎಷ್ಟು ಓಡಿದೆ, ಎಣ್ಣೆ ಬದಲಿಸಿದ್ದರಾ, ಯಾರಿಗೆ ಗೊತ್ತು?"

"ಕಂಡವರ ಎಡಗಾಲಿಗೆ ಇವನು ಪೆನ್ಷನ್ ಕಟ್ಟಬೇಕು" ಎಂದರು ಚಿಣ್ಣಪ್ಪಣ್ಣ. "ಉತ್ತಯ್ಯ, ನನ್ನ ಮಾತು ಕೇಳು. ಹೀಗೇ ಮಾರಿಬಿಡು. ಗೇರ್ ಇರೋದು ಒಂದು ತಗೋ. ನಿನ್ನ ಕಾಲಿಗೇನಾಗಿದೆ? ತೋಟದಲ್ಲಿ ದಿನವೂ ಏರು ಹತ್ತಿ ಇಳೀತೀಯ."

ಉತ್ತಯ್ಯ ಗ್ಲಾಸ್ ಎತ್ತಿ, ಚೀಟಿ ತೆಗೆದು ಮಡಚಿದ. "ನನ್ನ ಕಾಲಿಗೆ ಅಂತ ತಗೊಂಡಿದ್ದಲ್ಲ ಅಣ್ಣ. ಬೋಜಮ್ಮನ ಕಾಲಿಗೆ."

ಯಾರೂ ಮಾತಾಡಲಿಲ್ಲ. ಬೋಜಮ್ಮ ಜೀಪು ಓಡಿಸುತ್ತಿದ್ದ ಕಾಲ ಎಲ್ಲರಿಗೂ ನೆನಪಿತ್ತು. ಕಾಫಿ ಮೂಟೆ ಹೇರಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಡಸರು ಇಳಿದು ನೋಡುವ ತಿರುವಿನಲ್ಲಿ ಇಳಿಯದೇ ತಿರುಗಿಸುತ್ತಿದ್ದಳು.

"ಎಡ ಮಂಡಿ ಹೋದ ಮೇಲೆ ಕ್ಲಚ್ ಒತ್ತೋಕೆ ಆಗುತ್ತಿರಲಿಲ್ಲ. ಎರಡು ವರ್ಷ ಜೀಪು ಮುಟ್ಟಲಿಲ್ಲ. ಮಕ್ಕಳು ಊರಲ್ಲಿಲ್ಲ. ಸಂತೆಗೆ ಬಿಡಿ ಅಂತ ನನ್ನನ್ನೂ ಕೇಳೋಳಲ್ಲ, ಅದು ಗೊತ್ತಲ್ಲ ನಿಮಗೆ. ಈ ಕಾರು ಬಂದ ದಿನ ಒಬ್ಬಳೇ ನಾಪೋಕ್ಲಿನ ತವರಿಗೆ ಹೋಗಿ ಬಂದಳು. ಈಗ ಮತ್ತೆ ಮನೆಯಲ್ಲೇ. ಯಾವಾಗ ಸರಿಯಾಗುತ್ತೆ ಅಂತ ಒಂದು ಸಲವೂ ಕೇಳಿಲ್ಲ."

ಚಿಣ್ಣಪ್ಪಣ್ಣ ಕನ್ನಡಕ ತೆಗೆದು ಒರೆಸಿದರು. ಕನ್ನಡಕದಲ್ಲಿ ಏನೂ ಇರಲಿಲ್ಲ.

"ಒಂದು ಸಲ ಆಟಿ ತಿಂಗಳ ಮಳೆಯಲ್ಲಿ ನನ್ನ ಜೀಪು ಗದ್ದೆ ಕೆಸರಲ್ಲಿ ಹೂತಿತ್ತು" ಎಂದರು. "ನಾಲ್ಕು ಜನ ನೂಕಿದರೂ ಅಲ್ಲಾಡಲಿಲ್ಲ. ಇವಳು ಬಂದು ಹಗ್ಗ ಕಟ್ಟಿ ಎಳೆದು ಹಾಕಿದಳು. ಚಿಣ್ಣಪ್ಪಣ್ಣ, ಕ್ಲಚ್ಚನ್ನು ಅಷ್ಟು ಹೊತ್ತು ಒತ್ತಿ ಹಿಡೀಬಾರದು ಅಂತ ಬುದ್ಧಿ ಬೇರೆ ಹೇಳಿದಳು." ಕನ್ನಡಕ ಹಾಕಿಕೊಂಡರು. "ಆ ಕಾಲಿಗೆ ಆದರೆ ಕೊಡಬೇಕಪ್ಪ. ಪೂರ್ತಿ ಸರ್ವಿಸ್ ಮಾಡಿದ ಕಾಲು ಅದು."

"ಹಾಗಾದರೆ ಮಾಡಿಸೋದು?"

"ಮಾಡಿಸು. ಆದರೆ ಬರೆಸಿಕೋ" ಎಂದ ಮೊಯ್ದು. "ಟಾರ್ಕ್ ಕನ್ವರ್ಟರ್ ಆ ದುಡ್ಡಲ್ಲಿ ಸೇರಿದೆಯಾ, ಎಣ್ಣೆಯನ್ನು ಬೇಕಾದ ಕಡೆ ಕಳಿಸೋ ವಾಲ್ವ್ ಬಾಡಿ ಬಿಚ್ಚಿ ತೊಳೀತಾರಾ, ಎಣ್ಣೆ ತಣ್ಣಗೆ ಮಾಡೋ ಕೂಲರ್ ಪೈಪಲ್ಲಿ ಹಳೇ ಪುಡಿ ಉಳಿಸಲ್ಲ ತಾನೆ, ವಾರಂಟಿ ಎಷ್ಟು ತಿಂಗಳು. ಬಾಯಿಮಾತಲ್ಲಿ ಬೇಡ. ಹಳೇ ಪ್ಲೇಟುಗಳನ್ನು ತೋರಿಸಬೇಕು ಅನ್ನು."

"ಸರಿ, ನಾಳೆ ನನ್ನ ಜೀಪಿಗೆ ಹಗ್ಗ ಕಟ್ಟಿ ಹುಣಸೂರು ದಾಟಿಸಿಬಿಡೋಣ" ಎಂದು ಚಿಣ್ಣಪ್ಪಣ್ಣ ಎದ್ದೇಬಿಟ್ಟರು. "ಹಳೇ ಸಾಲ ತೀರಿದ ಹಾಗಾಯ್ತು."

"ಅಯ್ಯೋ ಬೇಡ ಅಣ್ಣ!" ಎಂದ ಮೊಯ್ದು. "ಇಂಜಿನ್ ಆಫ್ ಆಗಿದ್ದರೆ ಗೇರ್‌ಬಾಕ್ಸಿನ ಪಂಪು ತಿರುಗಲ್ಲ, ಎಣ್ಣೆ ಹರಿಯಲ್ಲ. ಮುಂದಿನ ಚಕ್ರ ಉರುಳುತ್ತಾ ಅಷ್ಟು ದೂರ ಹೋದರೆ ಉಳಿದದ್ದೂ ಸುಟ್ಟುಹೋಗುತ್ತೆ. ನಾಲ್ಕೂ ಚಕ್ರ ಮೇಲೆ ಹತ್ತಿಸಿಕೊಂಡು ಹೋಗೋ ಗಾಡಿ ಬೇಕು. ಎಂಟು ಸಾವಿರ ಕೇಳ್ತಾರೆ."

"ಪೆನ್ಷನ್ ಸಾಲದು ಅಂತ ಟಿಎ ಬೇರೆ!" ಚಿಣ್ಣಪ್ಪಣ್ಣ ಮತ್ತೆ ಕೂತರು. "ಶೆಟ್ರೇ, ನಿಮ್ಮ ಮೆಣಸಿನ ಲಾರಿ ಮೈಸೂರಿಗೆ ಯಾವತ್ತು?"

"ಗುರುವಾರ. ಆದರೆ ಅದರಲ್ಲಿ ಕಾರು ಹಿಡಿಸಲ್ಲ."

"ಮೆಣಸು ಇಳಿಸಿದರೆ?"

ಶೆಟ್ಟರು ಟೀ ದುಡ್ಡು ಟೇಬಲ್ ಮೇಲಿಟ್ಟು, ಯಾರೋ ಕರೆದವರ ಹಾಗೆ ಎದ್ದು ಹೊರಟರು.