ಫರ್ನ್ ತುದಿ ಒಣಗ್ತಿದೆ, ಎಲೆ ಹಿಂದೆ ಚುಕ್ಕೆ ಬಂದಿದೆ: ನರ್ಸರಿಯವರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ವಿಜಯನಗರ, ಬೆಂಗಳೂರು): ನಮಸ್ತೆ ಸರ್. ಡಿಸೆಂಬರ್‌ನಲ್ಲಿ ಬೋಸ್ಟನ್ ಫರ್ನ್ ತಂದೆ, ಹ್ಯಾಂಗಿಂಗ್ ಪಾಟ್. ತಂದಾಗ ಎಷ್ಟ್ ಚೆನ್ನಾಗಿತ್ತು ಅಂದ್ರೆ ಮನೆಗೆ ಬಂದೋರೆಲ್ಲ ಅದನ್ನೇ ಕೇಳೋರು. ಈಗ ಮಾರ್ಚ್ ಬರೋ ಅಷ್ಟ್ರಲ್ಲಿ ತುದಿ ಎಲ್ಲ ಕಂದು ಆಗಿ, ಮುಟ್ಟಿದ್ರೆ ಪುಡಿಪುಡಿ ಉದುರತ್ತೆ, ಕೆಳಗಡೆ ದಿನಾ ಗುಡಿಸೋದೇ ಕೆಲಸ. ದಿನಕ್ಕೆರಡು ಸಲ ನೀರು ಹಾಕ್ತೀನಿ, ಹತ್ತು ದಿನಕ್ಕೊಂದ್ಸಲ ಗೊಬ್ಬರದ ನೀರೂ ಕೊಡ್ತೀನಿ. ಬಾಲ್ಕನಿ ಪಶ್ಚಿಮಕ್ಕಿದೆ, ಬೋರ್ ನೀರು. ಇನ್ನೇನ್ ಮಾಡ್ಬೇಕು?

ಉತ್ತರ: ಇನ್ನೇನೂ ಮಾಡ್ಬೇಡಿ ಮೇಡಂ, ಮಾಡ್ತಿರೋದನ್ನ ಸ್ವಲ್ಪ ಕಮ್ಮಿ ಮಾಡಿ. ನಾನು ತೀರ್ಥಹಳ್ಳಿ ಕಡೆಯವನು, ನಮ್ಮಲ್ಲಿ ಫರ್ನಿಗೆ, ಅಂದ್ರೆ ಜರೀಗಿಡಕ್ಕೆ, ಯಾರೂ ನೀರೇ ಹಾಕಲ್ಲ, ಆದ್ರೂ ಧರೆ (ಕಡಿದಾದ ಮಣ್ಣಿನ ದಿಬ್ಬ) ತುಂಬ ಬೆಳ್ದಿರತ್ತೆ. ಯಾಕೆ ಅಂತ ಯೋಚ್ನೆ ಮಾಡಿ. ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ, ಅಷ್ಟು ನೀರು ಸುರಿದ್ರೂ ಜರೀಗಿಡದ ಬೇರು ಕೊಳೆಯಲ್ಲ, ಯಾಕಂದ್ರೆ ಅದು ನಿಂತಿರೋದು ಇಳಿಜಾರಲ್ಲಿ, ಕಲ್ಲಿನ ಸಂದಿಲಿ, ಹಳ್ಳದ ಪಕ್ಕದ ದರಕಿನ (ಉದುರಿದ ಒಣ ಎಲೆ) ಮೇಲೆ. ನೀರು ಬರತ್ತೆ, ಹೋಗತ್ತೆ. ಗಾಳಿ ಮಾತ್ರ ಒದ್ದೆ ಇರತ್ತೆ. ನಿಮ್ಮ ಬಾಲ್ಕನಿಲಿ ಇದು ಪೂರ್ತಿ ಉಲ್ಟಾ, ಬೇರಿಗೆ ಕೆಸರು, ಎಲೆಗೆ ಒಣ ಗಾಳಿ, ಮೇಲಿಂದ ಮಧ್ಯಾಹ್ನ ಮೂರು ಗಂಟೆ ಬಿಸಿಲು.

ಮೊದಲು ಪಾಟ್ ಜಾಗ ಬದಲಾಯಿಸಿ. ಬೆಳಿಗ್ಗೆ ಒಂದು ಗಂಟೆ ಎಳೆ ಬಿಸಿಲು ಬಿದ್ರೆ ಪರವಾಗಿಲ್ಲ, ಆಮೇಲೆ ಬೆಳಕು ಸಾಕು, ಬಿಸಿಲು ಬೇಡ. ಮಣ್ಣಿನೊಳಗೆ ಬೆರಳು ಒಂದು ಗೆಣ್ಣು ಇಳಿಸಿ ನೋಡಿ, ಮೇಲ್ಗಡೆ ಆರಕ್ಕೆ ಶುರು ಆಗಿದ್ರೆ ಮಾತ್ರ ನೀರು, ಆದ್ರೆ ಹಾಕಿದಾಗ ತಳದ ತೂತಿಂದ ಹರಿದು ಬರೋ ಹಾಗೆ ಹಾಕಿ. ಹಾಗಂತ ದಿನಾ ಎರಡು ಲೋಟ ಚಿಮುಕಿಸಿದ್ರೂ ಆಗಲ್ಲ, ಆಗ ಮೇಲೆ ಮಾತ್ರ ಕೆಸರು, ಒಳಗೆ ಒಣಮಣ್ಣು. ಒಣಗಿದ ಎಲೆ ಮತ್ತೆ ಹಸಿರಾಗಲ್ಲ, ಬುಡಕ್ಕೆ ಕತ್ತರಿಸಿ ಬಿಸಾಕಿ.

ಆಮೇಲೆ ಆ ಬೋರ್ ನೀರು. ಬೆಂಗಳೂರಿನ ಎಷ್ಟೋ ಬೋರ್ ನೀರು ಗಡಸು. ಪಾಟ್ ಅಂಚಲ್ಲಿ, ಮಣ್ಣಿನ ಮೇಲೆ ಬಿಳೀ ಪೊರೆ ಕಟ್ಟಿದ್ಯಾ ನೋಡಿ. ಅದೇ ಉಪ್ಪು, ಸುಣ್ಣ. ನೀರು ಆವಿಯಾಗಿ ಹೋದ್ರೂ ಅದು ಅಲ್ಲೇ ಉಳಿಯತ್ತೆ, ದಿನಾ ಸೇರ್ತಾ ಸೇರ್ತಾ ಬೇರು ಸುಡತ್ತೆ, ಅದರ ಮೇಲೆ ನಿಮ್ಮ ಗೊಬ್ಬರದ ನೀರು ಬೇರೆ. ತುದಿ ಕಂದಾಗೋದಕ್ಕೆ ಇದೂ ದೊಡ್ಡ ಕಾರಣ. ಮಳೆ ನೀರು ಹಿಡಿದಿಟ್ಕೊಳ್ಳಿ, ಇಲ್ಲಾಂದ್ರೆ ಆರ್‌ಒ ನೀರು. ಗೊಬ್ಬರ ಈಗ ನಿಲ್ಲಿಸಿ, ಜೂನಲ್ಲಿ ಹೊಸ ಎಲೆ ಬರಕ್ಕೆ ಶುರು ಆದ್ಮೇಲೆ ಡಬ್ಬಿ ಮೇಲೆ ಬರ್ದಿರೋದರ ಅರ್ಧ ಡೋಸ್ ತಿಂಗಳಿಗೊಂದ್ಸಲ ಕೊಟ್ರೆ ಬೇಕಾದಷ್ಟಾಯ್ತು.

ಪ್ರಶ್ನೆ (ಅದೇ ವಿಜಯನಗರದವರು): ಅಯ್ಯೋ ಆರ್‌ಒ ಮೆಷಿನ್ನಿಂದ ಆಚೆ ಹೋಗೋ ವೇಸ್ಟ್ ನೀರು ಬಕೆಟ್ ತುಂಬ ಇರತ್ತೆ, ಅದೇ ಹಾಕ್ತಿದ್ದೆ, ಪುಣ್ಯದ ಕೆಲಸ ಅಂತ 😅

ಉತ್ತರ: ಅದರಲ್ಲಿ ಉಪ್ಪು ಇನ್ನೂ ಜಾಸ್ತಿ ಮೇಡಂ! ಅದನ್ನ ನೆಲ ಒರೆಸಕ್ಕೆ ಇಟ್ಕೊಳ್ಳಿ. ಈಗ ಒಳ್ಳೇ ನೀರಲ್ಲಿ ಮೂರ್ನಾಲ್ಕು ಸಲ ಪಾಟ್ ತೊಳೆದ ಹಾಗೆ ಹರಿಸಿಬಿಡಿ.

ಪ್ರಶ್ನೆ (ದಾವಣಗೆರೆ): ಸ್ಪ್ರೇ ಮಾಡಿದ್ರೆ ಹ್ಯೂಮಿಡಿಟಿ ಬರತ್ತೆ ಅಂತ ಎಲ್ಲಾ ವಿಡಿಯೋದಲ್ಲೂ ಹೇಳ್ತಾರೆ, ನೀವು ಹೇಳ್ಲೇ ಇಲ್ವಲ್ಲ?

ಉತ್ತರ: ಸ್ಪ್ರೇ ಮಾಡಿದ್ದು ನಿಮ್ಮೂರ ಏಪ್ರಿಲ್ ಗಾಳಿಗೆ ಹತ್ತು ನಿಮಿಷ ನಿಲ್ಲಲ್ಲ. ಖುಷಿಗೆ ಮಾಡಿ, ಬೇಡ ಅನ್ನಲ್ಲ. ಅದಕ್ಕಿಂತ ಅಗಲ ತಟ್ಟೇಲಿ ಜಲ್ಲಿ ಹರಡಿ ನೀರು ತುಂಬಿ ಅದರ ಮೇಲೆ ಪಾಟ್ ಇಡಿ, ಪಾಟ್ ತಳ ನೀರಿಗೆ ತಾಗಬಾರದು ಅಷ್ಟೇ. ನಾಲ್ಕೈದು ಗಿಡ ಒತ್ತೊತ್ತಾಗಿ ಇಟ್ರೂ ಒಂದಕ್ಕೊಂದು ತಂಪು. ಫ್ಯಾನ್ ಕೆಳಗೆ, ಎಸಿ ಎದುರಿಗೆ ಮಾತ್ರ ಬೇಡ.

ಪ್ರಶ್ನೆ (ಹಾಸನ): ಸರ್ ನಮ್ಮನೆ ಫರ್ನ್‌ಗೆ ಹುಳ ಬಿದ್ದಿದೆ, ಎಲೆ ಹಿಂದೆ ಸಾಲಾಗಿ ಕಂದು ಚುಕ್ಕೆ. ನಮ್ಮತ್ತೆ ಬೇವಿನೆಣ್ಣೆ ಹೊಡ್ದು, ಹಳೇ ಬ್ರಷ್ ತಗೊಂಡು ಒಂದೊಂದೇ ಉಜ್ಜಿ ತೆಗೀತಿದಾರೆ, ಹೋಗ್ತಾನೇ ಇಲ್ಲ.

ಉತ್ತರ: ಅತ್ತೆಯವರಿಗೆ ಬ್ರಷ್ ಕೆಳಗಿಡಕ್ಕೆ ಹೇಳಿ ಮಾರಾಯ್ರೆ, ಅದು ಹುಳ ಅಲ್ಲ, ಗಿಡದ ಸಂಸಾರ. ಜರೀಗಿಡಕ್ಕೆ ಹೂವಿಲ್ಲ, ಕಾಯಿಲ್ಲ, ಬೀಜ ಇಲ್ಲ. ಆ ಚುಕ್ಕೆ ಒಳಗಿರೋದು ಬೀಜಾಣು, ಧೂಳಿನಷ್ಟು ಸಣ್ಣ. ಗುರುತು ಹಿಡಿಯೋದು ಸುಲಭ, ಬೀಜಾಣು ಚುಕ್ಕೆ ಅಳತೆ ಇಟ್ಟು ರಂಗೋಲಿ ಚುಕ್ಕಿ ಇಟ್ಟ ಹಾಗೆ ಎಲೆ ಹಿಂದೆ ಮಾತ್ರ ಇರತ್ತೆ. ಶಲ್ಕ ಕೀಟ (ಗಿಡಕ್ಕೆ ಅಂಟಿಕೊಂಡು ರಸ ಹೀರೋ ಸ್ಕೇಲ್ ಹುಳ) ಆದ್ರೆ ಅಡ್ಡಾದಿಡ್ಡಿ, ದಂಟಿನ ಮೇಲೂ ಇರತ್ತೆ, ಉಗುರಲ್ಲಿ ಎಬ್ಬಿದ್ರೆ ಏಳತ್ತೆ, ಎಲೆ ಅಂಟಂಟಾಗಿರತ್ತೆ.

ಇದರ ಕಥೆ ನಂಗಂತೂ ಇಪ್ಪತ್ತು ವರ್ಷ ಆದ್ರೂ ಬೇಜಾರಾಗಿಲ್ಲ. ಆ ಬೀಜಾಣು ಒದ್ದೆ ಜಾಗದಲ್ಲಿ ಬಿದ್ರೆ ನೇರವಾಗಿ ಫರ್ನ್ ಹುಟ್ಟಲ್ಲ, ಮೊದಲು ಕೆಲವೇ ಮಿಲಿಮೀಟರಿನ, ಸಾಮಾನ್ಯವಾಗಿ ಹೃದಯದ ಆಕಾರದ ಒಂದು ಹಸಿರು ಬಿಲ್ಲೆ ಹುಟ್ಟತ್ತೆ. ಗಂಡು ಕಣ, ಹೆಣ್ಣು ಕಣ ಎರಡೂ ಹುಟ್ಟೋದು ಇದರಲ್ಲೇ, ಗಂಡು ಕಣ ನೀರಿನ ಪೊರೇಲಿ ಈಜಿಕೊಂಡು ಹೋಗಿ ಸೇರ್ಬೇಕು, ಆಮೇಲೆ ನಾವು ನೋಡೋ ಗಿಡ. ಕಾಡಲ್ಲಿ ಇವು ಹಳ್ಳದ ದಂಡೆ, ಬಾವಿ ಗೋಡೆ, ನೀರು ಜಿನುಗೋ ಬಂಡೆ ಇಂಥ ಕಡೇನೇ ಜಾಸ್ತಿ ಸಿಗೋದು ಅದಕ್ಕೇ.

ಪ್ರಶ್ನೆ (ಹಾಸನ): ಹಾಗಾದ್ರೆ ಅದರಿಂದ ಮನೇಲೇ ಗಿಡ ಮಾಡ್ಬೋದಾ?

ಉತ್ತರ: ಮಾಡ್ಬೋದು, ತಾಳ್ಮೆ ಬೇಕು. ಚುಕ್ಕೆ ಬಲಿತ ಎಲೆ ಕಿತ್ತು ಬಿಳೀ ಕಾಗದದ ಮೇಲೆ ಕವುಚಿ ಹಾಕಿ ಒಂದೆರಡು ದಿನ ಬಿಡಿ, ಪುಡಿ ಉದುರಿರತ್ತೆ. ಕುದಿಯೋ ನೀರು ಹುಯ್ದು ಆರಿಸಿದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮೇಲೆ ತೆಳ್ಳಗೆ ಉದುರಿಸಿ, ಮೇಲೆ ಮಣ್ಣು ಮುಚ್ಚಬೇಡಿ, ಡಬ್ಬಿಗೆ ಪ್ಲಾಸ್ಟಿಕ್ ಕಟ್ಟಿ ನೆರಳಲ್ಲಿಡಿ. ಕೆಲವು ವಾರಕ್ಕೆ ಪಾಚಿ ಥರ ಹಸಿರು ಬರತ್ತೆ, ಪಾಚಿ ಅಂತ ಬಿಸಾಕಬೇಡಿ! ಎಷ್ಟೋ ಜನ ಬಿಸಾಕೋದು ಆಗ್ಲೇ. ನಿಜವಾದ ಎಲೆ ಬರಕ್ಕೆ ಇನ್ನೂ ತಿಂಗಳುಗಟ್ಟಲೆ. ಬೋಸ್ಟನ್ ಫರ್ನ್ ಆದ್ರೆ ಇದೆಲ್ಲ ಬೇಡ, ಅದರ ಬೀಜಾಣು ಹುಟ್ಟೋದು ಕಷ್ಟ, ಮಳೆಗಾಲದ ಶುರುವಲ್ಲಿ ಬುಡ ಸೀಳಿ ಎರಡು ಪಾಟ್ ಮಾಡ್ಕೊಳ್ಳಿ. ಮಿಕ್ಸ್‌ಗೆ ನಾನು ಹಾಕೋದು ಕೋಕೋಪೀಟ್, ಕೊಳೆತ ಎಲೆಗೊಬ್ಬರ, ಸ್ವಲ್ಪ ಇದ್ದಿಲು ಚೂರು. ಕೆಂಪು ಮಣ್ಣು ಒಂದು ಹಿಡಿ, ಬರೀ ಕೆಂಪು ಮಣ್ಣಲ್ಲ.

ಪ್ರಶ್ನೆ (ಮೈಸೂರು): ಆಸ್ಪರಾಗಸ್ ಫರ್ನ್ ನಮ್ಮ ಟೆರೇಸಲ್ಲಿ ಒಳ್ಳೇ ಬಿಸಿಲಲ್ಲೇ ಇದೆ, ಏನೂ ಆಗಿಲ್ಲ. ನೀವು ಸುಮ್ನೆ ಹೆದರಿಸ್ತೀರ.

ಉತ್ತರ: ಅದು ಫರ್ನೇ ಅಲ್ಲ ಸಾರ್, ಹೆಸರು ಮಾತ್ರ. ಅದು ಶತಾವರಿ ಜಾತಿ. ಸಣ್ಣ ಬಿಳಿ ಹೂ, ಆಮೇಲೆ ಕೆಂಪು ಹಣ್ಣು ಬಿಡತ್ತೆ ನೋಡಿ. ಹೂ ಬಿಟ್ರೆ ಫರ್ನ್ ಅಲ್ಲ, ಅಷ್ಟೇ ಲೆಕ್ಕ.

ಆದ್ರೆ ನಿಮ್ಮ ಮಾತಲ್ಲಿ ಒಂದು ಪಾಯಿಂಟ್ ಇದೆ, ಎಲ್ಲಾ ಫರ್ನೂ ನಾಜೂಕಲ್ಲ. ಹಳೇ ಕಟ್ಟಡದ ಗಾರೆ ಗೋಡೆ ಬಿರುಕಲ್ಲಿ, ಮೋರಿ ಪಕ್ಕ ಏಣಿ ಮೆಟ್ಟಿಲ ಥರ ಉದ್ದುದ್ದ ಎಲೆಯ ಒಂದು ಜರಿ ತಾನಾಗೇ ಬೆಳ್ದಿರತ್ತಲ್ಲ, ಟೆರಿಸ್ ವಿಟಾಟ ಅಂತ, ಅದಕ್ಕೆ ಸುಣ್ಣ ಅಂದ್ರೆ ಇಷ್ಟ. ಇದು ಮಣ್ಣಿಂದ ಆರ್ಸೆನಿಕ್ ವಿಷ ಹೀರಿ ಎಲೇಲಿ ತುಂಬ್ಕೊಳ್ಳತ್ತೆ ಅಂತ 2001ರಲ್ಲಿ ಅಮೆರಿಕದ ಫ್ಲೋರಿಡಾದ ವಿಜ್ಞಾನಿಗಳು ತೋರಿಸಿದ್ರು. ಬೋರ್ ನೀರೇ ಗತಿ ಅನ್ನೋರು ಇದನ್ನ ಬೆಳೆಸಿ ನೋಡಿ. ದುಡ್ಡು ಕೊಟ್ಟು ಯಾರೂ ತಗೊಳ್ಳಲ್ಲ ಅಂತ ನರ್ಸರಿಯವರು ಇಡಲ್ಲ, ನಾನೂ ಇಟ್ಟಿಲ್ಲ.

ಪ್ರಶ್ನೆ (ಹುಬ್ಬಳ್ಳಿ): ಸಾಗರ ಕಡೆ ಹೋದಾಗ ಹಲಸಿನ ಮರದ ಮ್ಯಾಲೆ ಒಂದು ಫರ್ನ್ ನೋಡಿದ್ವಿ ಸರ, ಬುಡದಾಗ ಎಲ್ಲಾ ಒಣಗಿದ ಎಲಿ, ಸಾಯಾಕತ್ತೇತಿ ಅನ್ಕೊಂಡ್ವಿ. ಮರದ ರಸ ಹೀರ್ತದೇನು? ಕಿತ್ಕೊಂಡು ಬಂದು ಮನ್ಯಾಗ ಹಚ್ಚಬಹುದೇನು?

ಉತ್ತರ: ರಸ ಹೀರಲ್ಲ, ಮರ ಬರೀ ಕೂರಕ್ಕೆ ಜಾಗ. ಒಣ ಎಲೆ ಇದೆ ಅಂದ್ರೆ ಗಿಡ ಸಾಯ್ತಿದೆ ಅಂತಲ್ಲ, ಅದು ಬುಟ್ಟಿ! ಡ್ರೈನೇರಿಯಾ ಅಂತಾರೆ, ಅದಕ್ಕೆ ಎರಡು ಥರ ಎಲೆ. ಕಂದು ಎಲೆ ಗೂಡಾಗಿ ನಿಂತು ಮೇಲಿಂದ ಬೀಳೋ ದರಕು, ಧೂಳು ಹಿಡೀತದೆ, ಅದೇ ಕೊಳೆತು ಗೊಬ್ಬರ. ಹಸಿರು ಎಲೆ ಬೇಸಿಗೇಲಿ ಉದುರಿ, ಮಳೆ ಬಿದ್ಮೇಲೆ ಮತ್ತೆ ಬರ್ತದೆ. ಕಾಡಿಂದ ಕಿತ್ತು ತರೋದು ಮಾತ್ರ ಬೇಡ, ಹುಬ್ಬಳ್ಳಿ ಬಿಸಿಲಿಗೆ ಅದು ಉಳಿಯೋದೂ ಕಷ್ಟ, ಕಿತ್ರೆ ಅಲ್ಲಿ ಮರಾನೂ ಬೋಳು. ಮರಜರಿ (ಮರದ ಥರ ಬೆಳೆಯೋ ಫರ್ನ್) ಕಾಂಡ ಆರ್ಕಿಡ್ ಕಟ್ಟಕ್ಕೆ ಅಂತ ಕಡಿಯೋರೂ ಇದಾರೆ, ಅದು ಆಳೆತ್ತರ ಬೆಳೆಯಕ್ಕೆ ಎಷ್ಟೋ ವರ್ಷ ಬೇಕು.

ಪ್ರಶ್ನೆ (ಮಡಿಕೇರಿ): ನಮ್ಮಲ್ಲಿ ತೆರ್ಮೆ ಸೊಪ್ಪು ಪಲ್ಯ ಮಾಡ್ತೇವೆ, ಅದೂ ಫರ್ನ್ ಅಲ್ವಾ? ಪಾಟಲ್ಲಿರೋದರ ಸುತ್ತಿಕೊಂಡ ಎಳೆ ಎಲೆ ಸುರುಳೀನೂ ಹಾಗೇ ಕಾಣ್ತದೆ, ತಿನ್ನಬಹುದಾ?

ಉತ್ತರ: ತೆರ್ಮೆ ಫರ್ನೇ, ಹಳ್ಳದ ಬದೀದು, ಎಳೇ ಸುರುಳಿ ಚೆನ್ನಾಗಿ ಬೇಯಿಸಿ ತಿಂತಾರೆ. ಪಾಟಲ್ಲಿರೋದು ಖಂಡಿತ ಬೇಡ. ಸುರುಳಿ ಬಹುಪಾಲು ಫರ್ನಿಗೂ ಇರತ್ತೆ, ಬ್ರಾಕೆನ್ ಅನ್ನೋದರಲ್ಲಿ ಕ್ಯಾನ್ಸರ್ ತರೋ ವಿಷಾನೇ ಇದೆ. ಮನೆ ಹಿರಿಯರು ಗುರುತು ಹಿಡಿದು ಕಿತ್ತದ್ದು ಬಿಟ್ಟು ಬೇರೆ ಬಾಯಿಗಿಡಬೇಡಿ.

ಹಾಂ, ವಿಜಯನಗರದ ಮೇಡಂ, ಒಂದು ತಿಂಗಳು ಬಿಟ್ಟು ಫೋಟೋ ಹಾಕಿ. ಇಡೀ ಗಿಡದ್ದು ಬೇಡ, ಬುಡ ಬಿಡಿಸಿ ಅದರದ್ದು, ಸುರುಳಿ ಎದ್ದಿದ್ರೆ ಅಲ್ಲೇ ಕಾಣೋದು.