ಹುಳ ಹಿಡಿದ ಮೀನು ‘ಆತಿಥೇಯ’ ಹೇಗಾಗುತ್ತದೆ?

ಗೆಳೆಯರೇ,

ಹೈಸ್ಕೂಲು ಮಕ್ಕಳಿಗೆ ಒಂದು ಬರಹ ಬರೆಯುತ್ತಿದ್ದೇನೆ. ಕೆರೆ, ಹೊಳೆಗಳ ನೀರು ಬಿಸಿಯಾದರೆ ಅಲ್ಲಿನ ಜೀವಿಗಳ ಮೈಯೊಳಗಿನ ಹುಳಗಳಿಗೆ ಏನಾಗುತ್ತದೆ ಅನ್ನುವುದು ವಿಷಯ. ವಿಜ್ಞಾನ ಹೇಗೋ ಸಾಗಿತು. ಪೆನ್ನು ನಿಂತಿದ್ದು ‘ಆತಿಥೇಯ’ ಅನ್ನುವ ಪದದ ಹತ್ತಿರ.

ಪರಾವಲಂಬಿ ಹುಳ ಯಾವ ಜೀವಿಯಲ್ಲಿ ಬೀಡುಬಿಡುತ್ತದೋ ಅದಕ್ಕೆ ಪಠ್ಯಪುಸ್ತಕದಲ್ಲಿ ಈ ಹೆಸರು. ಅತಿಥಿಯನ್ನು ಸತ್ಕರಿಸುವವನು ಅಂತ ಅರ್ಥ. ಈಗ ನನ್ನ ಉದಾಹರಣೆ ನೋಡಿ. ಯುರೋಪಿನ ಹೊಳೆ, ಕೊಳಗಳಲ್ಲಿ ಸ್ಟಿಕಲ್‌ಬ್ಯಾಕ್ ಅನ್ನೋ ಬೆರಳುದ್ದದ ಮೀನಿದೆ. ಬೆನ್ನ ಮೇಲೆ ಮೂರು ಮುಳ್ಳು. ಅದರ ಹೊಟ್ಟೆಯಲ್ಲಿ ಸ್ಕಿಸ್ಟೊಸೆಫಾಲಸ್ ಎಂಬ ಲಾಡಿಹುಳು ಬೆಳೆಯುತ್ತದೆ. 2012ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಪ್ರಯೋಗದಲ್ಲಿ ಇಂಥ ಮೀನುಗಳನ್ನು 15 ಡಿಗ್ರಿ ಮತ್ತು 20 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಸಾಕಿದರು. ಐದೇ ಡಿಗ್ರಿ ವ್ಯತ್ಯಾಸ. ಬಿಸಿ ನೀರಿನ ಮೀನಿನೊಳಗಿನ ಹುಳ ಸುಮಾರು ನಾಲ್ಕು ಪಟ್ಟು ಜಾಸ್ತಿ ತೂಗಿತು. ಮೀನಿನ ಬೆಳವಣಿಗೆ ಕುಗ್ಗಿತು. ಅಷ್ಟೇ ಅಲ್ಲ, ಹುಳ ಬಲಿತ ಮೀನುಗಳು ತಾವಾಗಿಯೇ ಬೆಚ್ಚಗಿನ ನೀರು ಹುಡುಕಿಕೊಂಡು ಹೋದವು! ನೆಂಟ ಬಂದು ಮನೆ ಯಜಮಾನನನ್ನೇ ಕುಣಿಸಿದ ಹಾಗಾಯಿತು, ಅಲ್ವಾ? ಇದು ಯಾವ ಸೀಮೆ ಆತಿಥ್ಯ?

ನಮ್ಮ ಆಡುಮಾತಿಗೆ ಇಂಥ ನಾಮಪದವೇ ಬೇಕಾಗಿಲ್ಲ ಅನ್ನಿಸುತ್ತದೆ. ಬಂದಳಿಕೆ ಹಿಡಿದ ಮರ. ಉಣ್ಣಿ ಹತ್ತಿದ ಎಮ್ಮೆ. ಜಂತು ಆದ ಮಗು. ಹಾಗೇ ‘ಹುಳ ಹಿಡಿದ ಮೀನು’ ಅಂದರೆ ಮುಗಿಯಿತು. ಬರಹದ ಅರ್ಧ ಭಾಗ ಹೀಗೇ ದಾಟಿಬಿಟ್ಟೆ.

ತೊಡಕು ಆಮೇಲೆ. ಈ ಹುಳ ಮೊದಲು ಕಣ್ಣಿಗೆ ಕಂಡೂ ಕಾಣದಂಥ ಒಂದು ನೀರಜೀವಿಯಲ್ಲಿ ಇರುತ್ತದೆ. ಅದನ್ನು ತಿಂದ ಮೀನಿಗೆ ಬರುತ್ತದೆ. ಮೀನನ್ನು ತಿಂದ ಹಕ್ಕಿಯ ಕರುಳಲ್ಲಿ ಮೊಟ್ಟೆಯಿಡುತ್ತದೆ. ಪುಸ್ತಕದ ಮಾತಿನಲ್ಲಿ ಮೀನು ‘ಮಧ್ಯಂತರ ಆತಿಥೇಯ’. ಮಧ್ಯಂತರ ಅಂದರೆ ನನಗೆ ಚುನಾವಣೆ ನೆನಪಾಗುತ್ತದೆ! ‘ಒಡಲು’ ಅಂದರೆ ಹೇಗೆ? ಮೊದಲ ಒಡಲು, ನಡುವಿನ ಒಡಲು, ಕೊನೆಯ ಒಡಲು. ಒಡಲು ಅಂದರೆ ಹೊಟ್ಟೆಯೂ ಹೌದು, ಮೈಯೂ ಹೌದು. ಹಾಗಾಗಿ ಚರ್ಮಕ್ಕೆ ಅಂಟುವ ಮೀನುಹೇನಿಗೂ ಹೊಂದುತ್ತದೆ. ಆದರೆ ‘ಒಡಲಿನ ಒಡಲಲ್ಲಿ’ ಅಂತ ಬರೆಯುವ ಪಾಡು ಬಂದರೆ ಕಷ್ಟ.

ಇನ್ನೊಂದು ಸಣ್ಣ ಅನುಮಾನ. ‘ತಾಪಮಾನ ಏರಿಕೆ’ ಬದಲು ‘ನೀರಿನ ಕಾವು’ ಅಂತ ಹಾಕಿದ್ದೆ. ಕೋಳಿ ಕಾವಿಗೆ ಕೂರುತ್ತದಲ್ಲ, ಹುಳ ಬೆಳೆಸುವ ಬಿಸಿಗೆ ಇದಕ್ಕಿಂತ ಒಳ್ಳೆ ಪದ ಇಲ್ಲ ಅಂತ ಖುಷಿಪಟ್ಟಿದ್ದೆ. ಆಮೇಲೆ ಇನ್ನೊಂದು ಬಗೆಯ ಪರಾವಲಂಬಿಗಳ, ಅಂದರೆ ಮೊದಲು ಬಸವನಹುಳುವಿನೊಳಗೆ ಬೆಳೆಯುವ ಚಪ್ಪಟೆ ಹುಳಗಳ (ಫ್ಲೂಕ್) ವಿಷಯಕ್ಕೆ ಬಂದಾಗ ಕೈ ತಡೆಯಿತು. ನೀರು ಬೆಚ್ಚಗಾದರೆ ಬಸವನಹುಳುವಿನಿಂದ ಇವುಗಳ ಮರಿಗಳು ಹೆಚ್ಚು ಹೊರಬರುತ್ತವೆ, ನಿಜ. ಆದರೆ ಹೊರಬಂದ ಮರಿ ಏನನ್ನೂ ತಿನ್ನುವುದಿಲ್ಲ. ಬಿಸಿಗೆ ಮೈಯೊಳಗಿನ ಕೂಡಿಟ್ಟ ಶಕ್ತಿ ಬೇಗ ಕರಗಿ, ಬೇಗ ಸಾಯುತ್ತದೆ. ಕೊಲ್ಲುವ ಬಿಸಿಯನ್ನೂ ‘ಕಾವು’ ಅನ್ನಬಹುದೇ?

ಸದ್ಯಕ್ಕೆ ಒಂದು ವಾಕ್ಯ ಖಾಲಿ ಬಿಟ್ಟಿದ್ದೇನೆ: “ಈ ಹುಳ ಬಾಳಿನಲ್ಲಿ ಮೂರು ____ ಬದಲಿಸುತ್ತದೆ.” ಅಲ್ಲಿ ನೀವಾದರೆ ಏನು ತುಂಬುತ್ತೀರಿ? ಮೀನು ಸಾಕುವವರು, ದನದ ಡಾಕ್ಟರುಗಳು ಇದ್ದರೆ ನಿಮ್ಮ ಕಡೆಯ ಮಾತು ತಿಳಿಸಿ.