ಸಹಾಯ ಬೇಕು: ಮುತ್ತಜ್ಜ ಕುಲಕರ್ಣಿ, ನಾವು ದೇಶಪಾಂಡೆ! ಇದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆತನದ ಅಡ್ಡಹೆಸರು ದೇಶಪಾಂಡೆ. ಮೂಲ ವಿಜಯಪುರ ಜಿಲ್ಲೆ, ಅಂದರೆ ಆಗಿನ ಮುಂಬೈ ಪ್ರಾಂತ್ಯ. ಆದರೆ ಮುತ್ತಜ್ಜನ ಕಾಲದ ಜಮೀನಿನ ಕಾಗದದಲ್ಲಿ ಅವರ ಹೆಸರಿನ ಮುಂದೆ ಕುಲಕರ್ಣಿ ಅಂತಿದೆ. ತಂದೆಯ ಹೆಸರು, ಸರ್ವೆ ನಂಬರ್ ಎಲ್ಲ ತಾಳೆಯಾಗುತ್ತವೆ, ಅಡ್ಡಹೆಸರು ಮಾತ್ರ ಬೇರೆ.

ಎರಡೂ ಹುದ್ದೆಯಿಂದ ಬಂದ ಹೆಸರುಗಳೇ. ಹಳ್ಳಿಯ ಲೆಕ್ಕ ಬರೆಯುತ್ತಿದ್ದವರು ಕುಲಕರ್ಣಿ (ಮೈಸೂರು ಕಡೆಯ ಶ್ಯಾನುಭೋಗರ ಹಾಗೆ), ಇಡೀ ಪರಗಣದ (ಹಲವು ಹಳ್ಳಿಗಳ ಗುಂಪಿನ) ಲೆಕ್ಕ ನೋಡುತ್ತಿದ್ದವರು ದೇಶಪಾಂಡೆ. ಹೀಗಾಗಿ ಊರೂರಿಗೂ ಬೇರೆ ಬೇರೆ ಕುಲಕರ್ಣಿ ಮನೆತನಗಳಿವೆ, ಬರೀ ಅಡ್ಡಹೆಸರು ಹಿಡಿದು ಹುಡುಕಿದರೆ ಏನೂ ಸಿಗಲ್ಲ. ಮುತ್ತಜ್ಜ ದೇಶಪಾಂಡೆ ಮನೆಗೆ ದತ್ತು ಹೋಗಿರಬೇಕು ಅಂತ ನನ್ನ ಅನುಮಾನ. ವತನದಾರರ (ವಂಶಪಾರಂಪರ್ಯವಾಗಿ ಹುದ್ದೆ ಮತ್ತು ಅದರ ಜಮೀನು ಪಡೆದವರ) ಮನೆಗಳಲ್ಲಿ ಗಂಡುಮಕ್ಕಳಿಲ್ಲದಿದ್ದರೆ ದತ್ತಕ ಸಾಮಾನ್ಯವಾಗಿತ್ತು. ಬಡ್ತಿ ಸಿಕ್ಕಿರಬೇಕು ಅಂತಾರೆ ನಮ್ಮ ಕಾಕಾ, ಆದರೆ ವಂಶಪಾರಂಪರ್ಯ ವತನದಲ್ಲಿ ಬಡ್ತಿ ಎಲ್ಲಿಂದ ಬರಬೇಕು!

ನನಗೆ ಬೇಕಾದದ್ದು ಇಷ್ಟು. ಆ ಕಾಗದದ ಹಿಂಬದಿಯಲ್ಲಿ ಏಳೆಂಟು ಸಾಲು ಮೋಡಿ ಲಿಪಿಯಲ್ಲಿದೆ (ಮರಾಠಿ ಬರೆಯಲು ಹಿಂದೆ ಬಳಸುತ್ತಿದ್ದ ಕೂಡುಬರಹ), ಮಸಿ ಹರಡಿದ್ದರೂ ಅಕ್ಷರ ಕಾಣುತ್ತವೆ. ಓದಬಲ್ಲವರು ಯಾರಾದರೂ ಇದ್ದೀರಾ? ಇನ್ನೊಂದು, ಪರಗಣ ಮತ್ತು ಕುಲಕರ್ಣಿ ವತನಗಳನ್ನು ರದ್ದು ಮಾಡಿದ್ದು ಮುಂಬೈ ರಾಜ್ಯದ 1950ರ ಕಾನೂನು. ಆಗ ವತನ ಜಮೀನಿನ ಮರುಮಂಜೂರಾತಿ (ಹಳೆಯ ವತನದಾರರಿಗೇ ಮತ್ತೆ ಕೊಡುವ) ಕಡತಗಳಲ್ಲಿ ವಂಶಾವಳಿ ಸಿಕ್ಕವರು ಇದ್ದರೆ, ಅರ್ಜಿಯಲ್ಲಿ ಏನೇನು ವಿವರ ಕೊಟ್ಟಿರಿ, ತಹಶೀಲ್ದಾರ್ ಕಚೇರಿಯಲ್ಲೇ ಸಿಕ್ಕಿತೋ ಜಿಲ್ಲಾ ದಾಖಲೆ ಕೋಣೆಯಲ್ಲೋ, ದಯವಿಟ್ಟು ತಿಳಿಸಿ. ಕಾಗದದ ಫೋಟೊ ಕೇಳಿದವರಿಗೆ ಕಳಿಸುತ್ತೇನೆ.